ತುರ್ಕಿಯ ‘ಕರ್’ ಮತ್ತು ಕನ್ನಡದ ಹಿಮವಾಚಿ ಪದಗಳು: ಬೆಂಗಳೂರು ಹೊರವಲಯದ ಪದಸಾಕ್ಷ್ಯಗಳ ಹಿನ್ನೆಲೆಯಲ್ಲಿ

ಪದಗಳ ಚರಿತ್ರೆಯನ್ನು ಬರೆಯುವವರು ಒಂದು ಭಾಷೆಯಿಂದ ಇನ್ನೊಂದಕ್ಕೆ ಬಂದು ಸೇರಿದ ಪದಗಳನ್ನು ಹೆಕ್ಕಿ ತೋರಿಸುವುದು ವಾಡಿಕೆ. ಬರಲು ದಾರಿಯಿದ್ದೂ ಬಾರದೆ ಉಳಿದ ಪದಗಳು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ತುರ್ಕಿ ಭಾಷೆಯಲ್ಲಿ ಹಿಮಕ್ಕಿರುವ ‘ಕರ್’ ಎಂಬ ಹೆಸರು ಅಂಥದೊಂದು ಪದ. ಬಹಮನಿ ಅರಸರ ಕಾಲದಿಂದ ಟಿಪ್ಪು ಸುಲ್ತಾನನ ಕಾಲದವರೆಗೆ ತುರ್ಕಿ ಮೂಲದ ಹಲವು ಪದಗಳು ಪಾರಸಿ ಮತ್ತು ದಖನಿಗಳ ಮೂಲಕ ಕನ್ನಡಕ್ಕೆ ಬಂದಿವೆ, ‘ಕರ್’ ಬಂದಿಲ್ಲ. ಹಾಗಿದ್ದರೂ ಅದು ಕನ್ನಡಿಗರ ಕಿವಿಗೆ ಅಪರಿಚಿತವೆನಿಸುವುದಿಲ್ಲ. ಕರಿ, ಕಾರ್ಮುಗಿಲು, ಕಾರ್ಗಾಲ, ಕಾರ್ಖಾನೆ ಮುಂತಾದ ಪದಗಳಲ್ಲಿ ಅದಕ್ಕೆ ಹತ್ತಿರದ ಧ್ವನಿ ಕೇಳಿಸುತ್ತದೆ. ಈ ಧ್ವನಿಸಾಮ್ಯವನ್ನು ನಂಬಿ ಸಂಬಂಧ ಕಲ್ಪಿಸಬಹುದೇ, ಪದವೊಂದರ ಚರಿತ್ರೆಯನ್ನು ನಿರ್ಣಯಿಸಲು ಬೇರೆ ಯಾವ ಸಾಕ್ಷ್ಯಗಳು ಬೇಕು ಎಂಬುದು ಇಲ್ಲಿ ವಿಚಾರಣೀಯ. ಹಳ್ಳಿಗಳ ಸ್ವರೂಪವೇ ಬದಲಾಗಿರುವ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಪ್ರದೇಶಗಳ ಸ್ಥಳನಾಮ ಮತ್ತು ಆಡುಮಾತಿನ ಅಧ್ಯಯನಕ್ಕೆ ಈ ಪ್ರಶ್ನೆ ನೇರವಾಗಿ ಸಂಬಂಧಿಸಿದೆ.

‘ಕರ್’: ರೂಪ ಮತ್ತು ಪ್ರಯೋಗ

‘ಕರ್’ ತುರ್ಕಿಕ್ ಭಾಷೆಗಳ ಪ್ರಾಚೀನ ಪದಸಂಪತ್ತಿಗೆ ಸೇರಿದ್ದು. ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಮಹ್ಮೂದ್ ಕಾಶ್ಗರಿ ರಚಿಸಿದ ‘ದಿವಾನ್ ಲುಗಾತ್ ಅತ್‌ತುರ್ಕ್’ ಎಂಬ ತುರ್ಕಿ-ಅರಬ್ಬಿ ನಿಘಂಟಿನಲ್ಲಿಯೇ ಅದು ದಾಖಲಾಗಿದೆ. ಅಜರ್ಬೈಜಾನಿ, ಕಜಕ್, ಉಜ್ಬೆಕ್ ಭಾಷೆಗಳಲ್ಲಿ ಇದರ ಜ್ಞಾತಿರೂಪಗಳು ಇಂದಿಗೂ ಬಳಕೆಯಲ್ಲಿವೆ.

ತುರ್ಕಿ ಭಾಷೆ ಕನ್ನಡದಂತೆಯೇ ಪ್ರಕೃತಿಗೆ ಪ್ರತ್ಯಯಗಳನ್ನು ಒಂದರ ಮೇಲೊಂದು ಹಚ್ಚಿ ರೂಪಗಳನ್ನು ಸಾಧಿಸುತ್ತದೆ. ‘ಕರ್‌ದ’ ಎಂದರೆ ಹಿಮದಲ್ಲಿ, ‘ಕರ್‌ದನ್’ ಎಂದರೆ ಹಿಮದಿಂದ, ‘ಕರಿನ್’ ಎಂದರೆ ಹಿಮದ, ‘ಕರ’ ಎಂದರೆ ಹಿಮಕ್ಕೆ, ‘ಕರಿ’ ಎಂದರೆ ಹಿಮವನ್ನು. ‘ಕರ್ಲಿ’ ಎಂದರೆ ಹಿಮವುಳ್ಳ, ‘ಕರ್ಸಿಝ್’ ಎಂದರೆ ಹಿಮವಿಲ್ಲದ ಎಂಬ ಅರ್ಥ ಬರುತ್ತದೆ. ಈ ಪ್ರತ್ಯಯಗಳ ಸ್ವರವು ಪ್ರಕೃತಿಯ ಸ್ವರಕ್ಕೆ ಹೊಂದಿಕೊಂಡು ಬದಲಾಗುತ್ತದೆ. ಮಂಜುಗಡ್ಡೆಯ ವಾಚಕವಾದ ‘ಬುಝ್’ ಎಂಬ ಪದಕ್ಕೆ ಅದೇ ಪ್ರತ್ಯಯ ಸೇರಿದಾಗ ‘ಬುಝ್ಲು’ ಎಂದಾಗುತ್ತದೆ. ಸ್ವರಸಾಮರಸ್ಯವೆನಿಸಿಕೊಳ್ಳುವ ಈ ನಿಯಮ ತುರ್ಕಿಯ ವಿಶಿಷ್ಟ ಲಕ್ಷಣ. ಕನ್ನಡದ ವಿಭಕ್ತಿ ಪ್ರತ್ಯಯಗಳಲ್ಲಿ ಇದು ಕಾಣುವುದಿಲ್ಲ. ‘ಕರಿ’ ಎಂಬಲ್ಲಿನ ಅಂತ್ಯಸ್ವರವೂ ಕನ್ನಡದ ಇಕಾರವಲ್ಲ. ಅದು ನಾಲಗೆಯ ಹಿಂಭಾಗದಲ್ಲಿ, ತುಟಿ ದುಂಡಗಾಗದೆ ಹುಟ್ಟುವ ಸ್ವರ. ಕನ್ನಡ ಲಿಪಿಯಲ್ಲಿ ಬರೆದಾಗ ಈ ವ್ಯತ್ಯಾಸ ಮರೆಯಾಗುತ್ತದೆ.

ಕ್ರಿಯಾಪದದ ವಿಷಯದಲ್ಲಿಯೂ ಹೋಲಿಕೆ ಉಪಯುಕ್ತ. ಹಿಮ ಬೀಳುತ್ತಿದೆ ಎನ್ನಲು ತುರ್ಕಿಯಲ್ಲಿ ‘ಕರ್ ಯಾಯೊರ್’ ಎನ್ನುತ್ತಾರೆ. ‘ಯಾಮಕ್’ ಎಂಬ ಈ ಧಾತು ಆಕಾಶದಿಂದ ಸುರಿಯುವುದಕ್ಕೆ ಮೀಸಲು. ಮಳೆಗೆ ‘ಯಾಮುರ್’, ಆಲಿಕಲ್ಲಿಗೆ ‘ದೊಲು’, ಹಿಮಕ್ಕೆ ‘ಕರ್’ ಎಂದು ಹೆಸರುಗಳು ಬೇರೆಯಾದರೂ ಮೂರಕ್ಕೂ ಕ್ರಿಯಾಪದ ಇದೊಂದೇ. ಕನ್ನಡದಲ್ಲಿ ಮಳೆ ಬರುತ್ತದೆ, ಸುರಿಯುತ್ತದೆ, ಹುಯ್ಯುತ್ತದೆ, ಆಲಿಕಲ್ಲು ಬೀಳುತ್ತದೆ, ಮಂಜು ಕವಿಯುತ್ತದೆ, ಮುಸುಕುತ್ತದೆ, ಇಳಿಯುತ್ತದೆ. ಎರಡೂ ಭಾಷೆಗಳಲ್ಲಿ ಸುರಿಯುವ ವಸ್ತುವೇ ವಾಕ್ಯದ ಕರ್ತೃ. ಇಂಗ್ಲಿಷಿನಲ್ಲಿರುವಂತೆ ಅರ್ಥವಿಲ್ಲದ ಸರ್ವನಾಮವೊಂದನ್ನು ಕರ್ತೃಸ್ಥಾನದಲ್ಲಿ ನಿಲ್ಲಿಸುವ ಅಗತ್ಯ ಎರಡಕ್ಕೂ ಇಲ್ಲ.

ಸಮಾಸಗಳು ಇನ್ನೂ ಹೆಚ್ಚು ಹೇಳುತ್ತವೆ. ಹಿಮದ ಚೆಂಡಿಗೆ ‘ಕರ್ತೋಪು’ ಎಂದೂ, ಮಕ್ಕಳು ಕಟ್ಟುವ ಹಿಮದ ಗೊಂಬೆಗೆ ‘ಕರ್‌ದನ್ ಆದಮ್’, ಅಂದರೆ ಹಿಮದಿಂದಾದ ಮನುಷ್ಯ ಎಂದೂ ಹೆಸರು. ಚಳಿಗಾಲದ ಕೊನೆಯಲ್ಲಿ ಹಿಮದ ಹೊದಿಕೆಯನ್ನು ಭೇದಿಸಿ ಅರಳುವ ಹೂವಿಗೆ ‘ಕರ್ದೆಲೆನ್’, ಅಂದರೆ ಹಿಮವನ್ನು ತೂತುಮಾಡುವುದು ಎನ್ನುತ್ತಾರೆ. ಬಹುವಚನದ ‘ಕರ್ಲರ್’ ರೂಪವು ಹೇರಳವಾಗಿ ಬಿದ್ದ ಹಿಮವನ್ನು ಸೂಚಿಸುತ್ತದೆ. ಹಿಮದೊಡನೆ ನಿತ್ಯ ಬದುಕುವ ಜನರ ಭಾಷೆಯಲ್ಲಿ ಮಾತ್ರ ಇಂಥ ಪ್ರಯೋಗಗಳು ಬೆಳೆಯಲು ಸಾಧ್ಯ. ಕನ್ನಡದ ‘ಹಿಮಮಾನವ’ ಎಂಬ ಸಮಾಸ ಹಿಮಾಲಯದ ದಂತಕಥೆಯ ಪ್ರಾಣಿಗೆ ಸಂದಿದೆಯೇ ಹೊರತು ಮಕ್ಕಳ ಆಟದ ಗೊಂಬೆಗಲ್ಲ ಎಂಬುದನ್ನು ಇದರೊಡನೆ ಹೋಲಿಸಿ ನೋಡಬಹುದು.

ಕನ್ನಡದ ಹಿಮವಾಚಿಗಳು

ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿಯ ದಾಖಲೆ. ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಇದು ಬಹುದೂರ. ಹಿಮ ಬೀಳದ ನಾಡಿನ ಭಾಷೆಯಲ್ಲಿ ಹಿಮದ ಹೆಸರುಗಳು ಎಲ್ಲಿಂದ ಬಂದವು ಎಂಬುದು ಸಹಜವಾದ ಪ್ರಶ್ನೆ.

‘ಹಿಮ’ ಸಂಸ್ಕೃತದ ತತ್ಸಮ. ಹಿಮಾಲಯವನ್ನು ವರ್ಣಿಸಬೇಕಾದ ಕವಿಗಳಿಗೆ ತುಷಾರ, ತುಹಿನ, ನೀಹಾರ, ಪ್ರಾಲೇಯ ಮೊದಲಾದ ಪರ್ಯಾಯಗಳೂ ಅದೇ ಮೂಲದಿಂದ ದೊರೆತವು. ಅಮರಕೋಶ ಇವೆಲ್ಲವನ್ನೂ ಒಂದೇ ಗುಂಪಿನಲ್ಲಿ ಹೇಳುತ್ತದೆ. ಇಬ್ಬನಿ, ಮಂಜು, ಹಿಮಗಳನ್ನು ಅಲ್ಲಿ ಕಟ್ಟುನಿಟ್ಟಾಗಿ ಬೇರ್ಪಡಿಸಿಲ್ಲ. ಈ ಪದಗಳು ಓದುಬರಹದ ಮೂಲಕ ಕನ್ನಡಕ್ಕೆ ಬಂದವು. ಹಳ್ಳಿಯ ನಿತ್ಯದ ಮಾತಿನಲ್ಲಿ ಬೇರೂರಿದ್ದು ಕಡಿಮೆ.

‘ಮಂಜು’ ದ್ರಾವಿಡ ಮೂಲದ ಪದ. ತಮಿಳಿನ ‘ಮಂಜು’ ಮೋಡ, ಮಬ್ಬು ಎಂಬ ಅರ್ಥದಲ್ಲಿಯೂ ತೆಲುಗಿನ ‘ಮಂಚು’ ಇಬ್ಬನಿ, ಹಿಮ ಎಂಬ ಅರ್ಥದಲ್ಲಿಯೂ ಬಳಕೆಯಲ್ಲಿವೆ. ಕನ್ನಡದ ಮಂಜು ಮುಖ್ಯವಾಗಿ ಮಲೆನಾಡು, ಕೊಡಗುಗಳಲ್ಲಿ ಬೆಟ್ಟವನ್ನು ಮುಸುಕುವ ಮಬ್ಬು. ಕಣ್ಣು ಮಂಜಾಗುವುದು ಎಂಬ ಪ್ರಯೋಗ ಈ ಅರ್ಥದಿಂದಲೇ ಹೊರಟದ್ದು. ಇದೇ ಪದವು ವಿಸ್ತಾರಗೊಂಡು ಹಿಮವನ್ನೂ, ‘ಮಂಜುಗಡ್ಡೆ’ ಎಂಬ ಸಮಾಸದಲ್ಲಿ ಹೆಪ್ಪುಗಟ್ಟಿದ ನೀರನ್ನೂ ಸೂಚಿಸತೊಡಗಿತು. ತುರ್ಕಿಯಲ್ಲಿ ಮಬ್ಬಿಗೆ ‘ಸಿಸ್’, ಇಬ್ಬನಿಗೆ ‘ಚಿಯ್’, ಹಿಮಕ್ಕೆ ‘ಕರ್’, ಮಂಜುಗಡ್ಡೆಗೆ ‘ಬುಝ್’ ಎಂದು ಬೇರೆ ಬೇರೆ ಪದಗಳಿರುವಲ್ಲಿ ಕನ್ನಡವು ಒಂದೇ ಪದದಿಂದ ಬಹುಪಾಲು ಕೆಲಸವನ್ನು ನಿರ್ವಹಿಸುತ್ತದೆ. ಇದನ್ನು ಭಾಷೆಯ ಬಡತನವೆಂದು ಭಾವಿಸಬೇಕಾಗಿಲ್ಲ. ನಾಡಿನ ಹವೆಗೆ ಅಗತ್ಯವಿದ್ದಷ್ಟು ಭೇದಗಳನ್ನು ಭಾಷೆ ಮಾಡಿಕೊಂಡಿದೆ.

‘ಹನಿ’ ಎಂಬುದರ ಹಳಗನ್ನಡ ರೂಪ ‘ಪನಿ’. ಪದಾದಿಯ ಪಕಾರ ಹಕಾರವಾದ ಬದಲಾವಣೆಗೆ ಇದು ಪ್ರಸಿದ್ಧ ಉದಾಹರಣೆ. ತಮಿಳಿನಲ್ಲಿ ‘ಪನಿ’ ಇಬ್ಬನಿ, ಚಳಿ, ಹಿಮ ಎಂಬ ಅರ್ಥಗಳನ್ನು ಉಳಿಸಿಕೊಂಡಿತು. ಕನ್ನಡದಲ್ಲಿ ಅದು ನೀರಿನ ತೊಟ್ಟಿಗೆ ಸೀಮಿತವಾಯಿತು. ತಂಪಿನ ಹಳೆಯ ಅರ್ಥ ‘ಇಬ್ಬನಿ’ ಎಂಬ ಸಮಾಸದಲ್ಲಿ ಉಳಿದಿದೆ.

ಆಕಾಶದಿಂದ ಬೀಳುವ ಹೆಪ್ಪುಗಟ್ಟಿದ ನೀರನ್ನು ಬೆಂಗಳೂರಿನ ಸುತ್ತಣ ಬಯಲುಸೀಮೆಯ ರೈತ ಕಣ್ಣಾರೆ ಕಂಡಿರುವುದು ಆಲಿಕಲ್ಲಿನ ರೂಪದಲ್ಲಿ ಮಾತ್ರ. ಮುಂಗಾರಿಗೆ ಮೊದಲು, ಏಪ್ರಿಲ್-ಮೇ ತಿಂಗಳ ಗುಡುಗುಮಳೆಯಲ್ಲಿ, ಎತ್ತರಕ್ಕೆ ಬೆಳೆದ ಮೋಡದೊಳಗೆ ಮೇಲೇರುವ ಗಾಳಿಗೆ ಸಿಕ್ಕಿದ ನೀರಹನಿಗಳು ಹೆಪ್ಪುಗಟ್ಟಿ ಕಲ್ಲಾಗಿ ಬೀಳುತ್ತವೆ. ‘ಆಲಿ’ ಎಂಬುದು ದ್ರಾವಿಡದ ಹಳೆಯ ಪದ. ತಮಿಳಿನಲ್ಲಿ ಅದಕ್ಕೆ ಮಳೆಹನಿ, ಆಲಿಕಲ್ಲು ಎಂಬ ಅರ್ಥಗಳಿವೆ. ಕನ್ನಡದಲ್ಲಿ ಈ ಅರ್ಥದ ‘ಆಲಿ’ ಒಂಟಿಯಾಗಿ ಬಳಕೆ ತಪ್ಪಿ, ‘ಕಲ್ಲು’ ಎಂಬುದರ ಜೊತೆಯಲ್ಲಿ ಮಾತ್ರ ಉಳಿಯಿತು. ಅರ್ಥ ಮಸುಕಾದ ಪೂರ್ವಪದವನ್ನು ಜನ ತಮಗೆ ತಿಳಿದ ಪದಕ್ಕೆ ಹೊಂದಿಸಿಕೊಳ್ಳುವುದು ಸಾಮಾನ್ಯ. ಆಡುಮಾತಿನ ‘ಆನೆಕಲ್ಲು’ ಎಂಬ ರೂಪವನ್ನು ಈ ದೃಷ್ಟಿಯಿಂದ ಗಮನಿಸಬೇಕು.

ಬಂದ ಪದಗಳು, ಬಾರದ ಪದ

1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಗಿ ಕಲಬುರಗಿ ರಾಜಧಾನಿಯಾದ ಮೇಲೆ ಇರಾನ್, ಮಧ್ಯ ಏಷ್ಯ ಮತ್ತು ತುರ್ಕಿ ಪ್ರದೇಶಗಳಿಂದ ಸೈನಿಕರು, ವರ್ತಕರು, ಕುಶಲಕರ್ಮಿಗಳು ದಖನಿಗೆ ಬಂದರು. ಬಿಜಾಪುರದ ಆದಿಲ್‌ಶಾಹಿ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಖಾನನು ಒಟ್ಟೊಮನ್ ರಾಜವಂಶದವನೆಂಬ ಕಥೆಯನ್ನು ಚರಿತ್ರೆಕಾರ ಫಿರಿಸ್ತಾ ದಾಖಲಿಸಿದ್ದಾನೆ. ವಿದ್ವಾಂಸರು ಅದನ್ನು ಸಂದೇಹದಿಂದ ಕಂಡಿದ್ದರೂ ಆ ಸಂಪರ್ಕಕ್ಕಿದ್ದ ಗೌರವವನ್ನು ಕಥೆ ಸೂಚಿಸುತ್ತದೆ. ಬಿಜಾಪುರದಲ್ಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದ್‌ನಗರದಲ್ಲಿ ಎರಕಗೊಂಡದ್ದು. ಅದನ್ನು ಎರಕ ಹೊಯ್ದವನ ಹೆಸರಿನಲ್ಲಿರುವ ‘ರೂಮಿ’ ಎಂಬ ವಿಶೇಷಣ ಅವನ ತುರ್ಕಿ ನಾಡಿನ ಮೂಲವನ್ನು ಹೇಳುತ್ತದೆ.

ಈ ಸಂಪರ್ಕದಿಂದ ಕನ್ನಡಕ್ಕೆ ದೊರೆತ ಪದಗಳ ಸ್ವರೂಪ ಅರ್ಥಪೂರ್ಣವಾಗಿದೆ. ಫಿರಂಗಿಯ ಅರ್ಥದ ‘ತೋಪು’ ತುರ್ಕಿಯ ‘ತೋಪ್’ ಎಂಬುದರಿಂದ ಬಂದುದು; ಅದರ ಮೂಲಾರ್ಥ ಚೆಂಡು, ಗುಂಡು. ಬೆಂಕಿ ಹೊತ್ತಿಸುವ ‘ಚಕಮಕಿ’ಯ ಮೂಲ ತುರ್ಕಿಯ ‘ಚಕ್ಮಕ್’. ‘ಖಜಾಂಚಿ’ ಎಂಬಲ್ಲಿ ಅರಬ್ಬಿ ಮೂಲದ ಪ್ರಕೃತಿಗೆ ಕಸುಬುದಾರನನ್ನು ಸೂಚಿಸುವ ತುರ್ಕಿ ಪ್ರತ್ಯಯ ಸೇರಿದೆ. ‘ಖಾನ್’, ‘ಬೇಗಂ’, ‘ಬಹದ್ದೂರ್’ ಎಂಬ ಬಿರುದುಗಳೂ, ದಂಡಿನ ಪಾಳೆಯವನ್ನು ಹೇಳುತ್ತಿದ್ದ ‘ಉರ್ದು’ ಎಂಬ ಭಾಷಾನಾಮವೂ, ಹೋಟೆಲುಗಳ ‘ಕುರ್ಮಾ’ವೂ ಇದೇ ದಾರಿಯಲ್ಲಿ ಬಂದವು. ಸೈನ್ಯ, ಕಚೇರಿ, ಪದವಿ, ಅಡುಗೆಮನೆ ಈ ನಾಲ್ಕು ನೆಲೆಗಳಿಗೆ ಇವೆಲ್ಲ ಸೇರುತ್ತವೆ. ನಿಸರ್ಗವನ್ನು ಕುರಿತ ತುರ್ಕಿ ಪದಗಳು ಈ ಸಾಲಿನಲ್ಲಿಲ್ಲ.

ಇದಕ್ಕೆ ಮುಖ್ಯ ಕಾರಣ, ತುರ್ಕಿಯನ್ನಾಡುವವರು ಆಳಿದ ಕಡೆಗಳಲ್ಲಿಯೂ ಆಡಳಿತದ ಮತ್ತು ಬರವಣಿಗೆಯ ಭಾಷೆ ಪಾರಸಿಯಾಗಿದ್ದುದು. ಬಾಬರನು ತನ್ನ ಆತ್ಮಕಥೆಯನ್ನು ಚಗತಾಯಿ ತುರ್ಕಿಯಲ್ಲಿ ಬರೆದನು. ಹೆರಾತಿನಿಂದ ಕಾಬೂಲಿಗೆ ಹಿಮದ ನಡುವೆ ಮಾಡಿದ ಕಠಿಣ ಪ್ರಯಾಣದ ವಿವರ ಅದರಲ್ಲಿದೆ. ಆದರೆ 1589ರ ವೇಳೆಗೆ, ಅವನ ಮೊಮ್ಮಗ ಅಕ್ಬರನ ಆಸ್ಥಾನಕ್ಕೆ ಆ ಗ್ರಂಥವನ್ನು ಅಬ್ದುರ್ರಹೀಮ್ ಖಾನ್‌ಖಾನಾನ್ ಪಾರಸಿಗೆ ಅನುವಾದಿಸಬೇಕಾಯಿತು. ಅಬುಲ್ ಫಜಲನ ‘ಐನ್-ಎ-ಅಕ್ಬರಿ’ಯಲ್ಲಿ ಉತ್ತರದ ಬೆಟ್ಟಗಳಿಂದ ಲಾಹೋರಿಗೆ ಹಿಮವನ್ನು ಸಾಗಿಸುತ್ತಿದ್ದ ವ್ಯವಸ್ಥೆಯ ವರ್ಣನೆಯಿದೆ, ಅಲ್ಲಿ ಅದರ ಹೆಸರು ಪಾರಸಿಯ ‘ಬರ್ಫ್’. ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು ಸುಲ್ತಾನನು 1786ರಲ್ಲಿ ಗುಲಾಮ್ ಅಲಿ ಖಾನನ ನೇತೃತ್ವದಲ್ಲಿ ಇಸ್ತಾಂಬುಲಿಗೆ ಹಡಗಿನಲ್ಲಿ ಕಳುಹಿಸಿದ ನಿಯೋಗ ಮರುವರ್ಷ ಅಲ್ಲಿಗೆ ತಲುಪಿತು. ಆ ಕಾಲದಲ್ಲಿಯೂ ಮೈಸೂರಿನ ಆಸ್ಥಾನದ ರಾಜತಾಂತ್ರಿಕ ಪತ್ರವ್ಯವಹಾರ ಪಾರಸಿಯಲ್ಲಿಯೇ ನಡೆಯುತ್ತಿತ್ತು. ಕನ್ನಡ ನಾಡು ಮತ್ತು ತುರ್ಕಿ ನಾಡುಗಳು ನೇರವಾಗಿ ಮುಖಾಮುಖಿಯಾದಾಗಲೂ ನಡುವೆ ನಿಂತದ್ದು ಮೂರನೆಯ ಭಾಷೆ.

ಹೀಗಾಗಿ ಆ ದಿಕ್ಕಿನಿಂದ ಕನ್ನಡಕ್ಕೆ ಬಂದ ಹಿಮದ ಪದವೂ ಪಾರಸಿಯದು. ಅದು ಬಂದದ್ದು ಸಿಹಿತಿನಿಸಿನ ರೂಪದಲ್ಲಿ. ‘ಬರ್ಫಿ’ಯ ಮೂಲದಲ್ಲಿರುವುದು ‘ಬರ್ಫ್’. ತಿನ್ನುವವರಿಗೆ ಹಿಮದ ನೆನಪಿಲ್ಲ. ಪದ ಮಾತ್ರ ಉಳಿದಿದೆ. ಹೆಪ್ಪುಗಟ್ಟಿದ ನೀರಿನ ವ್ಯಾಪಾರ ಬ್ರಿಟಿಷರ ಕಾಲದಲ್ಲಿ ಆರಂಭವಾಯಿತು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಕಲ್ಕತ್ತೆಗೆ ಹಡಗಿನಲ್ಲಿ ಮಂಜುಗಡ್ಡೆ ಬಂದಿಳಿಯಿತು. ಅನಂತರ ಮದರಾಸಿನ ಕಡಲತೀರದಲ್ಲಿಯೂ ಅದನ್ನು ದಾಸ್ತಾನಿಡುವ ಕಟ್ಟಡ ಎದ್ದಿತು. ವಸ್ತುವಿನೊಡನೆ ಅದರ ಇಂಗ್ಲಿಷ್ ಹೆಸರೂ ಹರಡಿತು. ಕನ್ನಡದಲ್ಲಿ ಅದು ಉಕಾರಾಂತವಾಗಿ ‘ಐಸು’ ಆಯಿತು. ಐಸಿನ, ಐಸಿಗೆ, ಐಸಿನಲ್ಲಿ ಎಂದು ‘ಮಂಜು’ವಿನ ಹಾಗೆಯೇ ವಿಭಕ್ತಿಗಳನ್ನು ತಳೆಯಿತು. ‘ಬರ್ಫಿ’ ಇಕಾರಾಂತವಾಗಿ ಬರ್ಫಿಯ, ಬರ್ಫಿಗೆ ಎಂದಾಯಿತು. ಅಕಾರಾಂತವಾದ ‘ಹಿಮ’ ಹಿಮದ, ಹಿಮಕ್ಕೆ ಎಂಬ ರೂಪಗಳನ್ನು ಪಡೆಯಿತು. ಸಂಸ್ಕೃತ, ಪಾರಸಿ, ಇಂಗ್ಲಿಷ್ ಮೂಲದ ಮೂರು ಪದಗಳೂ ಕನ್ನಡ ವ್ಯಾಕರಣದ ಒಳಗೆ ನೆಲೆ ಕಂಡುಕೊಂಡಿವೆ. ಎರವಲು ಪದ ನಿಜವಾಗಿ ಒಳಬಂದಿದೆ ಎಂಬುದಕ್ಕೆ ಇಂಥ ರೂಪಗಳೇ ಪ್ರಮಾಣ. ತುರ್ಕಿಯ ‘ಕರ್’ ಪದಕ್ಕೆ ಕನ್ನಡದಲ್ಲಿ ಇಂಥ ಒಂದು ರೂಪವೂ ಇಲ್ಲ.

ಧ್ವನಿಸಾಮ್ಯದ ತೊಡಕು

ತುರ್ಕಿಯಲ್ಲಿ ಕಪ್ಪು ಬಣ್ಣಕ್ಕೆ ‘ಕರ’ ಎನ್ನುತ್ತಾರೆ. ಕನ್ನಡದಲ್ಲಿ ‘ಕರಿ’, ‘ಕಾರ್’. ಇಂಥ ಹೋಲಿಕೆಗಳು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರನ್ನು ಆಕರ್ಷಿಸಿದ್ದವು. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ದ್ರಾವಿಡಕ್ಕೂ, ತಾನು ‘ಸಿಥಿಯನ್’ ಎಂದು ಕರೆದ ಭಾಷಾಗುಂಪಿಗೂ ಸಂಬಂಧವಿದೆಯೆಂದು ವಾದಿಸಿದನು. ಆ ಗುಂಪಿನಲ್ಲಿ ತುರ್ಕಿಯೂ ಸೇರಿತ್ತು. ಪ್ರತ್ಯಯ ಜೋಡಿಸುವ ಕ್ರಮದಲ್ಲಿನ ಸಾಮ್ಯ ಅವನ ಪ್ರಬಲ ಆಧಾರಗಳಲ್ಲೊಂದು. ಮುಂದಿನ ಸಂಶೋಧನೆ ಈ ಬಾಂಧವ್ಯವನ್ನು ಸಿದ್ಧಪಟ್ಟ ಸಂಗತಿಯೆಂದು ಒಪ್ಪಿಲ್ಲ. ರಚನೆಯ ಸಾಮ್ಯ ಬೇರೆ, ಮೂಲದ ಏಕತೆ ಬೇರೆ ಎಂಬುದು ಅಲ್ಲಿಂದ ಕಲಿತ ಪಾಠ.

‘ಕರ್’ ಪದದ ರೂಪಾವಳಿಯೇ ಈ ಪಾಠವನ್ನು ಸಮರ್ಥಿಸುತ್ತದೆ. ‘ಹಿಮಕ್ಕೆ’ ಎಂಬ ಅರ್ಥದ ‘ಕರ’ ಮತ್ತು ‘ಕಪ್ಪು’ ಎಂಬ ಅರ್ಥದ ‘ಕರ’ ತುರ್ಕಿಯಲ್ಲಿ ಒಂದೇ ಬಗೆಯಲ್ಲಿ ಬರೆಯಲ್ಪಡುತ್ತವೆ. ಬಿಳಿಯ ವಸ್ತುವಿನ ಹೆಸರೂ ಕಪ್ಪಿನ ಹೆಸರೂ ಒಂದಾಗಿ ಕಾಣುವ ಇಲ್ಲಿ ಅರ್ಥವನ್ನು ಬೇರ್ಪಡಿಸುವುದು ವಾಕ್ಯದಲ್ಲಿ ಪದ ನಿಂತ ಸ್ಥಾನ ಮಾತ್ರ. ಲಾಭ ಎಂಬ ಅರ್ಥದ ಇನ್ನೊಂದು ‘ಕಾರ್’ ತುರ್ಕಿಯಲ್ಲಿದೆ. ಅದು ಪಾರಸಿಯಿಂದ ಬಂದುದು, ಮೂಲಾರ್ಥ ಕೆಲಸ. ಅರಬ್ಬಿ ಲಿಪಿಯಲ್ಲಿ ಈ ಎರಡು ಪದಗಳ ಮೊದಲ ಅಕ್ಷರಗಳೇ ಬೇರೆಯಾಗಿದ್ದವು. 1928ರ ಲಿಪಿ ಸುಧಾರಣೆಯ ಅನಂತರ ಸ್ವರದ ಮೇಲಿನ ಒಂದು ಚಿಹ್ನೆ ಆ ಭೇದವನ್ನು ಉಳಿಸುತ್ತದೆ.

ಹೊರವಲಯದ ಸಾಕ್ಷ್ಯಗಳು

ಬೆಂಗಳೂರಿನ ಹೊರವ್ಯಾಪ್ತಿಯ ಕೆಲವು ಹೆಸರುಗಳನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು. ಪೀಣ್ಯದ ಗುರುತಾಗಿರುವ ‘ಕಾರ್ಖಾನೆ’ ಎಂಬ ಪದದಲ್ಲಿರುವುದು ಪಾರಸಿಯ ಅದೇ ‘ಕಾರ್’, ಕೆಲಸ. ಕಾರ್ಮುಗಿಲಿನ ‘ಕಾರ್’ ಕನ್ನಡದ್ದು. ಕಾರ್ಖಾನೆಯ ‘ಕಾರ್’ ಪಾರಸಿಯದು. ಹಿಮದ ‘ಕರ್’ ತುರ್ಕಿಯದು. ಹತ್ತಿರದ ಧ್ವನಿಯ ಹಿಂದೆ ಮೂರು ಪ್ರತ್ಯೇಕ ಚರಿತ್ರೆಗಳಿವೆ.

‘ತೋಪು’ ಇನ್ನೂ ಸೂಕ್ಷ್ಮವಾದ ಉದಾಹರಣೆ. ತುರ್ಕಿಯ ‘ಕರ್ತೋಪು’ ಸಮಾಸದ ಉತ್ತರಪದ ಕನ್ನಡಕ್ಕೆ ಫಿರಂಗಿಯಾಗಿ ಬಂದುದನ್ನು ಮೇಲೆ ನೋಡಲಾಯಿತು. ಆದರೆ ವೈಟ್‌ಫೀಲ್ಡ್, ಸರ್ಜಾಪುರ, ಆನೇಕಲ್ ಕಡೆಯ ಹಳ್ಳಿಗಳ ಕಂದಾಯ ದಾಖಲೆಗಳಲ್ಲಿ ಕಾಣುವ ‘ಗುಂಡುತೋಪು’ ಮಾವು, ಹುಣಸೆ, ನೇರಳೆ, ಹೊಂಗೆಗಳ ಸಾರ್ವಜನಿಕ ಮರಗುಂಪು. ಇಲ್ಲಿನ ‘ತೋಪು’ ತಮಿಳು, ತೆಲುಗುಗಳಲ್ಲಿಯೂ ಇರುವ ಪದ. ಅದಕ್ಕೂ ತುರ್ಕಿಗೂ ಸಂಬಂಧವಿಲ್ಲ. ಗುಂಡು ಮತ್ತು ತೋಪು ಎರಡೂ ಒಟ್ಟಿಗಿರುವುದರಿಂದ ಈ ಹೆಸರಿಗೆ ಯುದ್ಧದ ಕಥೆಯನ್ನು ಕಟ್ಟುವುದು ಸುಲಭ. ವಿಭಕ್ತಿರೂಪಗಳು ಇಲ್ಲಿ ನೆರವಾಗುವುದಿಲ್ಲ. ಎರಡು ಪದಗಳೂ ತೋಪಿನ, ತೋಪಿಗೆ ಎಂದೇ ನಡೆಯುತ್ತವೆ. ತೋಪು ಹಾರಿಸುವುದು, ತೋಪು ಬೆಳೆಸುವುದು ಎಂಬ ಪ್ರಯೋಗಭೇದವೂ, ನೆಲದ ಮೇಲೆ ನಿಂತ ಮರಗಳೂ ಇಲ್ಲಿ ನಿರ್ಣಾಯಕ. ಒತ್ತುವರಿಯಿಂದ ಮರಗಳು ಅಳಿದು ಹೆಸರೊಂದೇ ಉಳಿದ ಕಡೆ ಈ ಎರಡನೆಯ ಸಾಕ್ಷ್ಯ ಕಳೆದುಹೋಗುತ್ತದೆ.

‘ವೈಟ್‌ಫೀಲ್ಡ್’ ಎಂಬುದನ್ನು ಬಿಳಿಯ ಬಯಲು ಎಂದು ಅರ್ಥೈಸಲು ಇಂಗ್ಲಿಷ್ ಬಲ್ಲವರಿಗೆ ಅಡ್ಡಿಯಿಲ್ಲ. ಆದರೆ 1882ರಲ್ಲಿ ಮೈಸೂರು ಸಂಸ್ಥಾನ ನೀಡಿದ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ನರ ವಸಾಹತು ಏರ್ಪಟ್ಟ ಸಂಗತಿಯೂ, ಅದಕ್ಕೆ ಕಾರಣರಾದ ಡಿ.ಎಸ್. ವೈಟ್ ಅವರ ಹೆಸರೂ ತಿಳಿದಿರುವುದರಿಂದ ಬಣ್ಣದ ವ್ಯುತ್ಪತ್ತಿ ನಿಲ್ಲುವುದಿಲ್ಲ. ಲಿಖಿತ ದಾಖಲೆ ಇಲ್ಲಿ ಧ್ವನಿಯನ್ನು ಸೋಲಿಸುತ್ತದೆ.

1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ ಹೊಸೂರು ರಸ್ತೆಯಲ್ಲಿ ಸಾಗಿದರೆ ಹೆಬ್ಬಗೋಡಿ, ಬೊಮ್ಮಸಂದ್ರ, ಅತ್ತಿಬೆಲೆಗಳು ಸಿಗುತ್ತವೆ. ಇವೆಲ್ಲ ಆನೇಕಲ್ ತಾಲ್ಲೂಕಿಗೆ ಸೇರಿದ ಊರುಗಳು. ‘ಆನೇಕಲ್’ ಎಂಬ ಹೆಸರನ್ನು ಆಲಿಕಲ್ಲಿನ ರೂಪಾಂತರವಾದ ‘ಆನೆಕಲ್ಲು’ ಎಂಬುದಕ್ಕೆ ಜೋಡಿಸುವ ವಿವರಣೆ ಪ್ರಚಾರದಲ್ಲಿದೆ. ಆನೆಯ ಕಲ್ಲು ಎಂಬ ಸರಳ ಅರ್ಥವೂ ಸಾಧ್ಯ. ಪಕ್ಕದ ಬನ್ನೇರುಘಟ್ಟದ ಕಾಡಿನಲ್ಲಿ ಇಂದಿಗೂ ಆನೆಗಳಿವೆ. ಧ್ವನಿಯ ದೃಷ್ಟಿಯಿಂದ ಎರಡು ವಿವರಣೆಗಳೂ ಸಮಾನವಾಗಿ ನಿಲ್ಲುತ್ತವೆ. ಶಾಸನಗಳಲ್ಲಿನ ಪ್ರಾಚೀನ ರೂಪ, ಸುತ್ತಲ ಹಳ್ಳಿಗರು ಆಲಿಕಲ್ಲಿಗೆ ಬಳಸುವ ಹೆಸರು, ಊರಿನ ಕಲ್ಲು-ಬಂಡೆಗಳಿಗಿರುವ ಸ್ಥಳೀಯ ಹೆಸರುಗಳು, ಇವುಗಳನ್ನು ಒಟ್ಟಿಗಿಟ್ಟು ನೋಡಿದಾಗ ಮಾತ್ರ ತೀರ್ಮಾನ ಸಾಧ್ಯ. ಈ ಪೈಕಿ ಎರಡನೆಯ ಮತ್ತು ಮೂರನೆಯ ಆಧಾರಗಳು ಗ್ರಂಥಾಲಯದಲ್ಲಿ ದೊರೆಯುವಂಥವಲ್ಲ. ಅವು ಹೊಲಗೆಯ್ದವರ ನೆನಪಿನಲ್ಲಿವೆ. ಹೊಲಗಳು ಕೈಗಾರಿಕಾ ಬಡಾವಣೆಗಳಾದ ಕಡೆ ಒಂದು ತಲೆಮಾರಿನ ಅಂತರದಲ್ಲಿ ಆ ಪದಗಳು ಕೇಳಿಸದಂತಾಗುತ್ತವೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಪದಗಳು ಆಡಳಿತ, ವ್ಯಾಪಾರ, ಅಡುಗೆ, ಯುದ್ಧ ಮೊದಲಾದ ವ್ಯವಹಾರಗಳ ಬೆನ್ನೇರಿ ಪ್ರಯಾಣಮಾಡುತ್ತವೆ. ತುರ್ಕಿಯ ‘ತೋಪು’ ಬಂದು ‘ಕರ್’ ಬಾರದಿದ್ದುದು ಈ ಕಾರಣದಿಂದ. ಎರವಲು ಪದ ಬಂದುದಕ್ಕೆ ವಿಭಕ್ತಿರೂಪ, ಸಮಾಸ, ಕ್ರಿಯಾಪದದ ಸಾಹಚರ್ಯ ಇವು ಆಂತರಿಕ ಪ್ರಮಾಣಗಳು. ಶಾಸನ, ಕಂದಾಯ ದಾಖಲೆ, ನೆಲದ ಕುರುಹುಗಳು ಬಾಹ್ಯ ಪ್ರಮಾಣಗಳು. ಇವೆರಡರ ಬೆಂಬಲವಿಲ್ಲದ ಧ್ವನಿಸಾಮ್ಯ ಸಂಶೋಧನೆಗೆ ಪ್ರಶ್ನೆಯನ್ನು ಒದಗಿಸಬಹುದು, ಉತ್ತರವನ್ನು ಒದಗಿಸಲಾರದು. ಕನ್ನಡವು ಹಿಮವಿಲ್ಲದ ನಾಡಿನಲ್ಲಿದ್ದುಕೊಂಡೇ ಮಂಜು, ಇಬ್ಬನಿ, ಆಲಿಕಲ್ಲುಗಳೆಂಬ ಸ್ವಂತ ಪದಗಳನ್ನು ಉಳಿಸಿಕೊಂಡಿದೆ; ಹಿಮ, ಬರ್ಫಿ, ಐಸುಗಳನ್ನು ತನ್ನ ವ್ಯಾಕರಣಕ್ಕೆ ಒಗ್ಗಿಸಿಕೊಂಡಿದೆ. ಬೆಂಗಳೂರಿನ ಹೊರವಲಯದ ಗ್ರಾಮಗಳಲ್ಲಿ ಗುಂಡುತೋಪುಗಳ ಹೆಸರು, ಬಂಡೆಗಳ ಹೆಸರು, ಮಳೆ-ಆಲಿಕಲ್ಲುಗಳ ಮಾತುಗಳನ್ನು ಹಿರಿಯರಿಂದ ಕೇಳಿ ಊರುವಾರು ದಾಖಲಿಸುವ ಕೆಲಸ ತುರ್ತಾಗಿ ಆಗಬೇಕಾಗಿದೆ. ಅದು ತಡವಾದಷ್ಟೂ ಆನೇಕಲ್ಲಿನಂಥ ಹೆಸರುಗಳ ವಿಷಯದಲ್ಲಿ ಮುಂದಿನ ಅಧ್ಯಯನಕಾರರ ಪಾಲಿಗೆ ಧ್ವನಿಯೊಂದೇ ಉಳಿಯುತ್ತದೆ.